ಹದ್ದಿಗೆ ಬಡಿಸುವವರು

ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಹಳ್ಳಿಯವರೆಲ್ಲ ನಮ್ಮೂರು ಹಾಗಲ್ಲ ಎಂದು ಎದೆ ಸೆಟೆಸುತ್ತಾರೆ. ಎಲ್ಲ ಊರುಗಳೂ ಹಾಗೇ ಇದ್ದವು. ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಬದಾಮಿ ಗುಡ್ಡದ ಕಡೆ ಮುಖ ಮಾಡಿ ನಡೆದರೆ ಸಿಗುವ ಒಂದು ಊರು ಅನ್ನಿ, ಸಾಕು. ಊರಾಚೆ ಮಾದರ ಕೇರಿ. ಕೇರಿಯ ಬೆನ್ನಿಗೆ ಗುಡ್ಡದ ಕೆಂಪು ಗೋಡೆ. ಆ ಗೋಡೆಯ ಸಂದುಗಳಲ್ಲಿ ರಣಹದ್ದಿನ ಗೂಡುಗಳು.

ಲಗಮವ್ವನ ಗಂಡ ಹುಲ್ಲಪ್ಪ ಹದ್ದಿಗಿಂತ ಮೊದಲು ಹೆಣ ಮುಟ್ಟುವ ಮನುಷ್ಯನಾಗಿದ್ದ. ಅದು ಅವನು ಆರಿಸಿಕೊಂಡ ಕೆಲಸವಲ್ಲ. ಅಪ್ಪನ ಹೆಗಲ ಮೇಲಿದ್ದ ಹಗ್ಗ ಮಗನ ಹೆಗಲಿಗೆ ಬಂದಿತ್ತು, ಅಷ್ಟೆ. ಊರಲ್ಲಿ ಯಾರ ದನ ಸತ್ತರೂ ಕೇರಿಯ ಬಾಯಿಗೆ ನಿಂತು ಒಂದು ಕೂಗು ಹಾಕುವರು. "ಏ ಹುಲ್ಲ್ಯಾ, ಎಮ್ಮಿ ಬಿದ್ದೈತಿ." ಉಣ್ಣುತ್ತಿದ್ದರೂ ಕೈ ತೊಳೆದು ಏಳಬೇಕು. ಜ್ವರ ಬಂದಿದ್ದರೂ ಏಳಬೇಕು. ಕಾಲಿಗೆ ಹಗ್ಗ ಬಿಗಿದು, ನಾಲ್ಕು ಜನ ಹೆಗಲು ಕೊಟ್ಟು, ಗುಡ್ಡದ ಬುಡದ ಹಾಸುಬಂಡೆಯವರೆಗೆ ಎಳೆಯಬೇಕು. ಅಲ್ಲಿ ತೊಗಲು ಸುಲಿಯಬೇಕು. ಬೇಸಿಗೆಯ ಹೆಣ ಉಬ್ಬಿ ಬಿಗಿದು ನಿಂತಿರುತ್ತದೆ. ಚೂರಿ ತಾಗಿದ ಕೂಡಲೇ ಒಳಗಿನ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆ ವಾಸನೆ ಹುಲ್ಲಪ್ಪನ ಕೂದಲಿಗೆ, ಉಗುರಿಗೆ, ಹಾಸಿಗೆಗೆ ಹತ್ತಿತ್ತು. ಸೀಗೆಕಾಯಿಗೆ ಹೋಗಲಿಲ್ಲ, ಬೂದಿಗೆ ಹೋಗಲಿಲ್ಲ. ಕೇರಿಯ ಮಕ್ಕಳು ಸಾಲಿಗೆ ಹೋದರೆ ಮಾಸ್ತರ ಮೂಗು ಮುಚ್ಚಿಕೊಂಡು ಹೊರಗೆ ಕೂಡಿಸುತ್ತಿದ್ದ. ಇಷ್ಟಕ್ಕೆಲ್ಲ ಸುಗ್ಗಿಯಲ್ಲಿ ಸಿಗುವ ಆಯ ಎಂದರೆ ರಾಶಿ ಎತ್ತಿದ ಮೇಲೆ ಕಣದಲ್ಲಿ ಉಳಿದ, ಮಣ್ಣು ಬೆರೆತ ಜೋಳ. ಅದನ್ನೂ ಕೈಗೆ ಕೊಡುತ್ತಿರಲಿಲ್ಲ. ಮೇಲಿನಿಂದ ಉಡಿಗೆ ಸುರಿಯುತ್ತಿದ್ದರು.

ಒಂದು ಬೇಸಿಗೆ ಗೌಡನ ಎಮ್ಮೆ ಸತ್ತಿತು. ಮೂಗಿನಿಂದ ಕರಿ ರಕ್ತ ಇಳಿಯುತ್ತಿತ್ತು. ಬದಾಮಿಯಿಂದ ಬಂದ ದನದ ಡಾಕ್ಟರ ದೂರದಿಂದಲೇ ನೋಡಿ, ಇದನ್ನು ಯಾರೂ ಕೊಯ್ಯಬಾರದು, ಸುಣ್ಣ ಹಾಕಿ ಆಳವಾಗಿ ಹೂಳಿಸಿ ಎಂದು ಗೌಡನಿಗೆ ಹೇಳಿ ಹೋದ. ಗೌಡ ಆ ಮಾತನ್ನು ನುಂಗಿಕೊಂಡ. ತಗ್ಗು ತೋಡಿಸಬೇಕೆಂದರೆ ಆಳು ಬೇಕು, ಕೇರಿಗೆ ಕೂಗಲು ಬಾಯಿ ಸಾಕು. ಹುಲ್ಲಪ್ಪ ಸುಲಿದ. ಅವನ ಮುಂಗೈ ಮೇಲೆ ಒಂದು ಗುಳ್ಳೆ ಎದ್ದಿತು. ಅದರ ನಡುವೆ ಇದ್ದಲಿನ ಹಾಗೆ ಕರ್ರಗೆ. ಕೈ ಬಾತಿತು. ಕೊರಳು ಬಾತಿತು. ದವಾಖಾನೆಗೆ ಒಯ್ಯಲು ಚಕ್ಕಡಿ ಕೊಡಿ ಎಂದು ಲಗಮವ್ವ ಊರ ತುಂಬ ಬಾಗಿಲ ಮುಂದೆ ನಿಂತಳು. ರೋಗದ ಮೈ ಎಂದರು. ಊರ ದನವನ್ನೆಲ್ಲ ಎಳೆದವನಿಗೆ ಒಂದು ಚಕ್ಕಡಿ ಸಿಗಲಿಲ್ಲ. ಹೊರಸಿನ ಮೇಲೆ ಹೊತ್ತುಕೊಂಡು ಕುಳಗೇರಿ ಕ್ರಾಸಿನವರೆಗೆ ಹೋದರು. ಕಂಡಕ್ಟರ ಅವನ ಮುಖ ನೋಡಿ ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಅಲ್ಲೇ, ಚಹಾದಂಗಡಿಯ ಹಿಂದೆ, ಹುಲ್ಲಪ್ಪ ಸತ್ತ.

ಡಾಕ್ಟರ ಹೇಳಿದ್ದ ಮಾತು ಲಗಮವ್ವನಿಗೆ ತಿಳಿದದ್ದು ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ. ಹೇಳಿದವನು ಗೌಡನ ಟ್ರ್ಯಾಕ್ಟರು ಓಡಿಸುವ ದಸ್ತಗೀರಸಾಬ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಬಂದು ಹೇಳಿ, ತಲೆ ತಗ್ಗಿಸಿಕೊಂಡು ಹೋದ. ಲಗಮವ್ವ ಅಳಲಿಲ್ಲ. ಜಂತಿಗೆ ಜೋತು ಬಿದ್ದಿದ್ದ ಹಗ್ಗ ಇಳಿಸಿ ಒಲೆಗೆ ಹಾಕಿದಳು. ಹೆಣದ ಕೊಬ್ಬು ಕುಡಿದ ಹಗ್ಗ ಭಗ್ಗೆಂದು ಉರಿಯಿತು. ಆಕೆಯ ತಮ್ಮ ಕನಕಪ್ಪ, ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸವಿಲ್ಲದೆ ಕೂತವನು, ಅದನ್ನು ನೋಡಿದ. ನೋಡಿ ಓಣಿಗೆ ಇಳಿದು ಮನೆಮನೆಗೆ ಕೂಗಿದ. ಒಂದೊಂದೇ ಮನೆಯಿಂದ ಹಗ್ಗ ಬಂದವು, ಚೂರಿ ಬಂದವು. ಎಲ್ಲ ಬೆಂಕಿಗೆ ಹೋದವು. ಕೇರಿಯ ಹಿರಿಯ ಮುದಕಪ್ಪ ಮುಂದೆ ನಿಂತು ದುರಗವ್ವನ ಕಲ್ಲಿನ ಮೇಲೆ ಎಲ್ಲರ ಕೈ ಇರಿಸಿ ಆಣೆ ಮಾಡಿಸಿದ. ಇನ್ನು ಸತ್ತ ದನ ಎಳೆಯುವುದಿಲ್ಲ. ಸುಲಿಯುವುದಿಲ್ಲ. ತಿನ್ನುವುದಿಲ್ಲ.

ಊರು ಸುಮ್ಮನೆ ಬಿಟ್ಟೀತೆ? ಹೊಲದ ಕೂಲಿ ನಿಂತಿತು. ಕಿರಾಣಿ ಅಂಗಡಿಯಲ್ಲಿ ಉಪ್ಪು ಸಿಗದಾಯಿತು. ಕೇರಿಯ ಹೆಂಗಸರು ಇಳಕಲ್ಲಿನ ಕಡೆ ಕಲ್ಲು ಒಡೆಯಲು ಗುಳೆ ಹೋದರು. ಸುತ್ತಿಗೆ ಬಿದ್ದು ಲಗಮವ್ವನ ಹೆಬ್ಬೆರಳಿನ ಉಗುರು ಕಿತ್ತು ಹೋಯಿತು. ಅರೆಹೊಟ್ಟೆ ಉಂಡರು, ಮಕ್ಕಳಿಗೆ ಗಂಜಿ ಕುಡಿಸಿ ಮಲಗಿಸಿದರು. ಯಾರೂ ಹಗ್ಗ ಮುಟ್ಟಲಿಲ್ಲ. ಕೊನೆಗೆ ಊರವರು ಕೇರಿಯನ್ನು ಬೈದುಕೊಳ್ಳುತ್ತಲೇ ತಗ್ಗು ತೋಡಿ ತಮ್ಮ ದನ ತಾವೇ ಹೂಳುವುದನ್ನು ಕಲಿತರು. ಕಲಿಯದೆ ಏನು ಮಾಡುತ್ತಾರೆ, ಮೂಗು ಅವರಿಗೂ ಇತ್ತು.

ಹಾಸುಬಂಡೆ ಬರಿದಾಯಿತು. ಹದ್ದು ಕಡಿಮೆಯಾದವು. ಕೇರಿಯವರು ಅದನ್ನು ಗಮನಿಸಲಿಲ್ಲ. ಅವರಿಗೆ ತಲೆ ಎತ್ತಿ ಮುಗಿಲು ನೋಡುವ ಪುರಸೊತ್ತು ಇರಲಿಲ್ಲ. ಗಮನಿಸಿದವನು ಹದ್ದಿನ ಸಾಹೇಬ.

ಅವನು ಮೈಸೂರು ಕಡೆಯವನು. ಹಕ್ಕಿಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರ ಆದವನು, ಔಷಧ ಕೊಡುವ ಡಾಕ್ಟರ ಅಲ್ಲ. ವರ್ಷವರ್ಷವೂ ಹದ್ದು ಗೂಡು ಕಟ್ಟುವ ಕಾಲಕ್ಕೆ ಜೀಪಿನಲ್ಲಿ ಬಂದು ಗೌಡನ ತೋಟದ ಮನೆಯಲ್ಲಿ ಇಳಿಯುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಕೇರಿ ಮೊದಲೇ ಹುಷಾರಾಗುತ್ತಿತ್ತು. ದುರ್ಬೀನು, ಅದರ ಮೂರು ಕಾಲಿನ ಸ್ಟ್ಯಾಂಡು, ನೀರಿನ ಕ್ಯಾನು ಹೊತ್ತು ಗುಡ್ಡ ಹತ್ತಲು ಅವನಿಗೆ ಒಬ್ಬ ಆಳು ಬೇಕಾಗಿತ್ತು. ಕನಕಪ್ಪ ಸೇರಿಕೊಂಡ. ಗೋಡೆಯ ಬುಡದಲ್ಲಿ ಹದ್ದು ಕಕ್ಕಿದ ಮೂಳೆಚೂರು, ಪುಕ್ಕ, ಒಡೆದ ಮೊಟ್ಟೆಯ ಚಿಪ್ಪು ಆರಿಸುವುದೂ ಅವನ ಕೆಲಸವೇ. ಸಾಹೇಬ ಆರಿಸುವಾಗ ಕೈಗೆ ರಬ್ಬರಿನ ಗವಸು ತೊಡುತ್ತಿದ್ದ. ಕನಕಪ್ಪ ಬರಿಗೈಯಲ್ಲಿ ಆರಿಸುತ್ತಿದ್ದ. ಇಬ್ಬರಿಗೂ ಅದು ಸಹಜವಾಗಿಯೇ ಕಂಡಿತ್ತು.

ಗುಡ್ಡದ ನೆರಳಲ್ಲಿ ಕೂತು ಒಂದು ದಿನ ಕನಕಪ್ಪ ಸಾಹೇಬನಿಗೆ ಎಲ್ಲ ಹೇಳಿದ. ಹೇಗೆ ಎಳೆಯುತ್ತಿದ್ದರು, ಹೇಗೆ ಸುಲಿಯುತ್ತಿದ್ದರು, ಹದ್ದು ಸುತ್ತಲೂ ಕೂತು ಕಾಯುತ್ತಿದ್ದರೆ ತಾವೂ ಅವುಗಳ ಜೊತೆ ಪಾಲಿಗೆ ಕೂತಂತೆ ಹೇಗೆ ಅನಿಸುತ್ತಿತ್ತು, ಭಾವ ಹೇಗೆ ಸತ್ತ. ಸಾಹೇಬ ಗಮನವಿಟ್ಟು ಕೇಳಿದ. ಬರೆದುಕೊಂಡ. ಓದಿದ ಮನುಷ್ಯನಿಗೆ ನಮ್ಮ ಸಂಕಟ ಮುಟ್ಟಿತು ಎಂದು ಕನಕಪ್ಪನ ಎದೆ ಹಗುರಾಯಿತು. ಸಾಹೇಬನಿಗೆ ಮುಟ್ಟಿದ್ದು ಬೇರೆ. ಸುಲಿದ ಹೆಣವನ್ನು ಹದ್ದು ಬೇಗ ತಿನ್ನುತ್ತದೆ, ತೊಗಲಿದ್ದರೆ ಬಾಯಿ ಹಾಕಲು ತಡವಾಗುತ್ತದೆ, ಈ ಊರಲ್ಲಿ ಸುಲಿಯುವವರು ಕೈ ಬಿಟ್ಟದ್ದಕ್ಕೇ ಗೂಡು ಬರಿದಾದವು. ಇಷ್ಟು.

ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಸಾಹೇಬ ಗೌಡನನ್ನು ಕರೆದುಕೊಂಡು ಕೇರಿಗೇ ಬಂದ. ಗೌಡ ಕೇರಿಯ ಬಾಯಿಗೇ ನಿಂತ. ಸಾಹೇಬ ಒಳಗೆ ಬಂದು ಬೇವಿನ ಗಿಡದ ಕೆಳಗೆ ನೆಲದ ಮೇಲೇ ಕೂತ. ಅದನ್ನು ನೋಡಿ ಮುದಕಪ್ಪನಿಗೆ ಜೀವ ಕರಗಿತು. ಅಂಥ ಮನುಷ್ಯ ತಮ್ಮ ನೆಲದ ಮೇಲೆ ಕೂತದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಿಮ್ಮ ಬೆಲೆ ನಿಮಗೇ ಗೊತ್ತಿಲ್ಲ," ಎಂದ ಸಾಹೇಬ. "ಈ ಹದ್ದುಗಳನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ನೀವು. ನೀವು, ಹದ್ದು, ಈ ಗುಡ್ಡ ಎಲ್ಲ ಒಂದೇ ಸರಪಳಿ."

"ಸರಪಳಿ ಅನ್ನೂದು ಖರೇ ಐತ್ರಿ," ಎಂದಳು ಲಗಮವ್ವ.

ಸಾಹೇಬನಿಗೆ ಅದು ಒಪ್ಪಿಗೆಯ ಹಾಗೆ ಕೇಳಿಸಿತು. ಹುರುಪಿನಿಂದ ಮುಂದುವರಿಸಿದ. ಹಾಸುಬಂಡೆಯ ಮೇಲೆ ಮತ್ತೆ ದನ ಹಾಕಬೇಕು. ಸುಲಿದು ಹಾಕಬೇಕು. ಕೂಲಿ ಕೊಡಿಸುತ್ತೇನೆ, ತೊಗಲು ನಿಮ್ಮದೇ. ಎಷ್ಟು ಹದ್ದು ಇಳಿಯುತ್ತವೆ ಎಂದು ನಾನು ಮೇಲಿನಿಂದ ನೋಡುತ್ತೇನೆ. ನಿಮ್ಮ ಸಮುದಾಯದ ಸೇವೆ ದಿಲ್ಲಿಯವರೆಗೆ ತಿಳಿಯುತ್ತದೆ.

"ಕೇಳಿದಿರೇನಲೇ?" ಎಂದು ಗೌಡ ಆಚೆಯಿಂದ ಕೂಗಿದ. "ನಾವು ಅಂದಿದ್ರ ತಪ್ಪಾಗ್ತಿತ್ತು. ಈಗ ಓದಿದವ್ರ ಹೇಳಾಕತ್ತಾರ, ಇದು ನಿಮ್ಮ ಕೆಲಸ ಅಂತ."

ಮುದಕಪ್ಪ ಕೈ ಮುಗಿದ. "ಆಣಿ ಮಾಡೇವ್ರಿ ಸಾಹೇಬ್ರ. ದುರಗವ್ವನ ಮ್ಯಾಲ ಕೈ ಇಟ್ಟೇವಿ."

"ನನ್ನ ಗಂಡ ಸುಲದ ಸತ್ತಾನ್ರಿ," ಎಂದಳು ಲಗಮವ್ವ. "ಎಮ್ಮಿ ರೋಗ ಕೈಗೆ ಹತ್ತಿ."

ಆ ಮಾತಿಗೆ ಸಾಹೇಬನ ಮುಖ ಅರಳಿತು. ಹೌದು, ಅರಳಿತು. "ಅದಕ್ಕೇ ಹದ್ದು ಬೇಕಮ್ಮ. ಆ ರೋಗ ಹದ್ದಿಗೆ ತಾಗುವುದೇ ಇಲ್ಲ. ಅದರ ಹೊಟ್ಟೆಯ ಆಮ್ಲಕ್ಕೆ ರೋಗದ ಬೀಜವೇ ಸುಟ್ಟು ಹೋಗುತ್ತದೆ. ಪ್ರಕೃತಿ ಎಂಥ ಏರ್ಪಾಡು ಮಾಡಿದೆ ನೋಡಿ."

"ತಿನ್ನೂ ಹದ್ದಿಗೆ ತಾಗೂದಿಲ್ಲ. ಸುಲಿಯಾವಗ ತಾಗತೈತಿ. ಅವಗೇನು ಏರ್ಪಾಡು ಮಾಡೇತ್ರಿ?"

ಸಾಹೇಬ ಕನ್ನಡಕ ತೆಗೆದು ಒರೆಸಿಕೊಂಡ. ಸುಲಿಯುವವನು ಅವನ ವಿಷಯವಾಗಿರಲಿಲ್ಲ. ವಿಚಾರ ಮಾಡಿ ಎಂದು ಹೇಳಿ ಎದ್ದು ಹೋದ.

ಮನೆಯೊಳಗೆ ಕನಕಪ್ಪ ಅಕ್ಕನ ಮುಂದೆ ಕೂತ. ಅವನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

"ಯಕ್ಕಾ, ಫಾರೆಸ್ಟ ಇಲಾಖೆಯೊಳಗ ವಾಚಮನ್ ಕೆಲಸಾ ಕೊಡಸ್ತೇನಿ ಅಂದಾರ ಸಾಹೇಬ್ರು. ಪರ್ಮನೆಂಟ್. ಕೇರಿಯವ್ರನ್ನ ಒಪ್ಪಸು ಅಂತಾರ. ಒಂದ ಸಲ, ಅವ್ರು ನೋಡಿ ಬರಕೊಳ್ಳೂತನಾ."

"ಒಂದ ಸಲ ಅಂತ ಇರೂದಿಲ್ಲೋ ತಮ್ಮಾ. ಹೆಗಲಿಗೆ ಬಿದ್ದ ಹಗ್ಗ ಇಳಸಾಕ ನಿಮ್ಮ ಭಾವ ಸಾಯಬೇಕಾತು. ಮತ್ತ ಬಿದ್ರ ಇಳಸಾಕ ಯಾರ ಸಾಯಬೇಕು?"

"ಅವ್ರು ಗೌಡನಂಥಾವ್ರಲ್ಲ. ನಾ ಎಲ್ಲಾ ಹೇಳೇನಿ ಅವ್ರಿಗೆ. ನಮ್ಮ ಬ್ಯಾನಿ ಅವ್ರಿಗೆ ಗೊತ್ತೈತಿ."

"ಗೊತ್ತಿದ್ದೂ ಕೇಳಾಕ ಬಂದಾರಲ್ಲ," ಎಂದಳು ಲಗಮವ್ವ.

ಕನಕಪ್ಪನಿಗೆ ಸಿಟ್ಟು ಬಂತು. ನಿನ್ನ ಹಟಕ್ಕೆ ಎಲ್ಲರೂ ಉಪವಾಸ ಸಾಯಬೇಕೇನು ಎಂದು ಹೇಳಿ ಹೊರಬಿದ್ದ. ಹಸಿದವನ ಮಾತು. ಲಗಮವ್ವ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಆಕೆಗೆ ನಿದ್ದೆ ಹತ್ತಲಿಲ್ಲ. ಕೇರಿ ಮುರಿದರೆ ಹೊರಗಿನಿಂದ ಮುರಿಯುವುದಿಲ್ಲ, ತನ್ನ ಒಡಹುಟ್ಟಿದವನಿಂದಲೇ ಮುರಿಯುತ್ತದೆ ಎಂಬುದು ಆಕೆಗೆ ಗೊತ್ತಾಗಿತ್ತು.

ಅದೇ ವಾರ ಗೌಡನ ಎತ್ತು ಸತ್ತಿತು. ಊರು ಹೂಳುವುದನ್ನು ಕಲಿತಿದ್ದರೂ ಗೌಡ ಹೂಳಲಿಲ್ಲ. ಸಾಹೇಬ ಬೇಡ ಎಂದಿದ್ದ. ಗೌಡನಿಗೂ ಅದೇ ಬೇಕಾಗಿತ್ತು. ಬೆಳಗಿನ ಹೊತ್ತು ಟ್ರ್ಯಾಕ್ಟರಿನ ಸದ್ದು ಕೇರಿಯತ್ತ ಬಂತು. ಹಿಂದೆ ಸರಪಳಿಗೆ ಬಿಗಿದ ಎತ್ತು ಧೂಳಿನಲ್ಲಿ ಎಳೆಸಿಕೊಂಡು ಬರುತ್ತಿತ್ತು. ಹಾಸುಬಂಡೆಯವರೆಗೆ ಟ್ರ್ಯಾಕ್ಟರಿನ ದಾರಿ ಇರಲಿಲ್ಲವೆಂದಲ್ಲ, ಇತ್ತು. ಆದರೂ ದಸ್ತಗೀರಸಾಬ ಕೇರಿಯ ಬಾಯಿಗೆ ನಿಲ್ಲಿಸಿದ. ಹೆಣ ಬಿದ್ದದ್ದು ಅಲ್ಲಿಯ ಮೊದಲ ಮನೆ, ಲಗಮವ್ವನ ಮನೆಯ ಬಾಗಿಲೆದುರು. ಮುಂದಿನದು ಕೇರಿಯ ಹೆಗಲಿನಿಂದ ಆಗಬೇಕು, ಎಲ್ಲರ ಕಣ್ಣೆದುರು ಆಗಬೇಕು ಎಂಬುದು ಗೌಡನ ಹುಕುಂ.

"ನಾ ನೌಕರ ಮನಶ್ಯಾನವ್ವಾ," ಎಂದ ದಸ್ತಗೀರಸಾಬ, ಸರಪಳಿ ಬಿಚ್ಚುತ್ತ.

"ಹ್ಯಾಂಗ ಸತ್ತೈತಿದು?"

"ಗೊತ್ತಿಲ್ಲ. ಈ ಸಲ ಡಾಕ್ಟರನ್ನ ಕರಸೇ ಇಲ್ಲ."

ಡಾಕ್ಟರ ಬಂದರೆ ಒಂದು ಮಾತು ಹೇಳುತ್ತಾನೆ. ಹೇಳಿದರೆ ಮುಚ್ಚಿಡುವ ಕಷ್ಟ. ಗೌಡ ಈ ಸಲ ಆ ಕಷ್ಟವನ್ನೇ ತೆಗೆದುಕೊಂಡಿರಲಿಲ್ಲ.

ಸಾಹೇಬನ ಜೀಪು ಬಂತು. ಗೌಡ, ಅವನ ಇಬ್ಬರು ಗಂಡುಮಕ್ಕಳು, ನೋಡಲು ಬಂದ ಊರ ಜನ. ಸಾಹೇಬನ ಕೈಗೆ ಗವಸು ಇದ್ದವು. ಹೊಸ ಹಗ್ಗ, ಹೊಸ ಚೂರಿ ತಂದಿದ್ದ, ಬಾಗಲಕೋಟೆ ಪ್ಯಾಟಿಯಿಂದ. ಚೂರಿಯನ್ನು ಕನಕಪ್ಪನ ಕೈಗೆ ಕೊಟ್ಟ. "ನೀನೇ ಶುರು ಮಾಡು. ನೀನು ಮಾಡಿದರೆ ಉಳಿದವರೂ ಬರುತ್ತಾರೆ." ಕನಕಪ್ಪನ ಹೆಗಲಲ್ಲಿ ದುರ್ಬೀನಿನ ಪಟ್ಟಿ, ಕೈಯಲ್ಲಿ ಚೂರಿ. ಅವನು ಎತ್ತಿನ ಕಡೆ ಎರಡು ಹೆಜ್ಜೆ ಇಟ್ಟ. ಕೇರಿ ನೋಡುತ್ತಿತ್ತು. ಮುದಕಪ್ಪ ಮುಖ ಆಚೆ ತಿರುಗಿಸಿದ.

ಲಗಮವ್ವ ನಡುವೆ ಬಂದು ನಿಂತಳು.

"ಸಾಹೇಬ್ರ, ಆ ಕೈಯಾಗಿಂದ ತಗದು ನನ್ನ ತಮ್ಮಗ ಕೊಡ್ರಿ."

"ಏನು?"

"ಕೈಚೀಲ. ರಬ್ಬರಿಂದು. ಸುಲಿಯಾವ ಅವ ಅಲ್ಲಾ? ಅವನ ಕೈಗೆ ಹಾಕ್ರಿ."

ಸಾಹೇಬ ತಡವರಿಸಿದ. "ಇದು... ಒಂದೇ ಜೊತೆ ಇದೆಯಮ್ಮ. ಸ್ಯಾಂಪಲ್ ತೆಗೆಯೋದಕ್ಕೆ ನನಗೆ ಬೇಕು. ಅವರಿಗೆಲ್ಲ ಅಭ್ಯಾಸ ಇರುತ್ತಲ್ಲ."

ಕನಕಪ್ಪ ನಿಂತುಬಿಟ್ಟ. ತನ್ನ ಕೈ ನೋಡಿಕೊಂಡ. ಸಾಹೇಬನ ಕೈ ನೋಡಿದ. ಎರಡು ವರ್ಷ ಈ ಮನುಷ್ಯನ ಪಕ್ಕದಲ್ಲಿ ಮೂಳೆ ಆರಿಸಿದ್ದ. ಗವಸು ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ. ತನ್ನ ಮೇಲೆ ತನಗೇ ಉಗಿಯಬೇಕು ಅನಿಸಿತು. ಚೂರಿಯನ್ನು ಧೂಳಿಗೆ ಎಸೆದ. ದುರ್ಬೀನು ಇಳಿಸಿ ಜೀಪಿನ ಬಾನೆಟ್ಟಿನ ಮೇಲೆ ಇಟ್ಟ.

"ಅಭ್ಯಾಸ ಬಿಟ್ಟೇವ್ರಿ," ಎಂದ.

ಗೌಡ ಕೋಲೆತ್ತಿಕೊಂಡು ಬಂದ. "ಸೊಕ್ಕು ಬಂತೇನಲೇ? ಹೆಣ ಇಲ್ಲೇ ಇರತೈತಿ. ನಿಮ್ಮ ಬಾಗಲದಾಗ ಕೊಳೀಲಿ. ಹುಳಾ ಬಿದ್ದು ನಿಮ್ಮ ಒಲಿಗೆ ಬರಲಿ. ಎಂದ ಎಳೀತೀರಿ ನೋಡತೇನಿ."

ಖರೆ ಮಾತು. ಬಿಸಿಲು ಏರುತ್ತಿತ್ತು. ಸಂಜೆಯೊಳಗೆ ಕೇರಿಯಲ್ಲಿ ಯಾರಿಗೂ ಉಣ್ಣಲಾಗುವುದಿಲ್ಲ. ಎಳೆದರೆ ಆಣೆ ಹೋಯಿತು. ಎಳೆಯದಿದ್ದರೆ ಮಕ್ಕಳು ಆ ಹೆಣದ ಪಕ್ಕದಲ್ಲಿ ಮಲಗಬೇಕು. ಎಲ್ಲರೂ ಮುದಕಪ್ಪನ ಮುಖ ನೋಡಿದರು. ಮುದಕಪ್ಪ ದುರಗವ್ವನ ಕಲ್ಲಿನ ಕಡೆ ನೋಡಿದ.

ಲಗಮವ್ವ ಮನೆಯೊಳಗೆ ಹೋದಳು. ಹೊರಬಂದಾಗ ತಲೆಯ ಮೇಲೆ ಕೊಡ, ಬಗಲಲ್ಲಿ ಹಂಚು, ಕೈಯಲ್ಲಿ ಹಿಟ್ಟಿನ ಗಂಟು.

"ಎತ್ತು ನಿಮ್ದು. ಹದ್ದು ಈ ಸಾಹೇಬ್ರದು. ಜಾಗಾ ಅಷ್ಟ ನಮ್ಮದು ಇತ್ತು. ಅದೂ ನಿಮಗ ಬೇಕಾಗೇತಿ ಅಂದ್ರ ತಗೋರಿ. ನಡೀರಿ ಎಲ್ಲಾರೂ."

"ಎಲ್ಲಿಗೆ ಯವ್ವಾ?" ಎಂದ ಮುದಕಪ್ಪ.

"ಊರಾಗ."

ಕೇರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ತಡವಾಗಲಿಲ್ಲ. ಕೌದಿ, ಬುಟ್ಟಿ, ಕೂಸು, ಕೋಳಿ, ಆಡು, ಸಿಕ್ಕದ್ದನ್ನೆಲ್ಲ ಎತ್ತಿಕೊಂಡು ಹೊರಟರು. ಊರ ಹೆಬ್ಬಾಗಿಲು, ಅಗಸಿ ಬಾಗಿಲ ಹತ್ತಿರ ಯಾವಾಗಲೂ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿಯುತ್ತಿದ್ದವರು. ಆವತ್ತು ಯಾರೂ ಬಿಡಲಿಲ್ಲ. ಊರ ನಡುವಿನ ಹಣಮಂತದೇವರ ಗುಡಿಯ ಪೌಳಿಗೆ ನಡೆದು, ಕಂಬಕ್ಕೊಂದು ಮನೆಯಂತೆ ಗಂಟು ಇಳಿಸಿ ಕೂತರು. ಅಲ್ಲಿ ಅವರು ಮೊದಲು ಎಂದೂ ಕಾಲಿಟ್ಟಿರಲಿಲ್ಲ. ಪೂಜಾರಿ ಗರ್ಭಗುಡಿಯ ಬಾಗಿಲು ಹಾಕಿಕೊಂಡು ಓಡಿದ.

ಊರಿಗೆ ಊರೇ ಕೂಡಿತು. ಬೈಗುಳ ಹಾರಿದವು, ಕಲ್ಲೂ ಹಾರಿತು. ಒಂದು ಕಲ್ಲು ಮುದಕಪ್ಪನ ಹಣೆಗೆ ಬಿತ್ತು. ಮುದುಕ ರಕ್ತ ಒರೆಸಿಕೊಂಡು ಕಂಬಕ್ಕೆ ಒರಗಿ ಕೂತ, ಏಳಲಿಲ್ಲ.

"ಪೊಲೀಸರನ್ನ ಕರಸತೇನಿ," ಎಂದ ಗೌಡ.

"ಕರಸ್ರಿ ಗೌಡ್ರ," ಎಂದ ಕನಕಪ್ಪ. "ಗುಡಿಯೊಳಗ ನಮ್ಮನ್ನ ತಡದ್ರ ಯಾರನ್ನ ಒಳಗ ಹಾಕ್ತಾರ ಅಂತ ಕಾಯ್ದೆ ಐತಿ. ಎತ್ತು ಯಾರದು ಅಂತನೂ ಫೌಜದಾರ ಕೇಳ್ತಾನ. ನಾ ಹೇಳತೇನಿ."

"ನಮ್ಮ ಬಾಗಲಾಗಿನ ಹೆಣ ತಗೀರಿ," ಎಂದಳು ಲಗಮವ್ವ. "ಅಲ್ಲೀತನಾ ಇಲ್ಲೇ ಇರ್ತೇವಿ."

ಮಧ್ಯಾಹ್ನದ ಹೊತ್ತಿಗೆ ಊರ ಸಿಟ್ಟು ದಿಕ್ಕು ಬದಲಿಸಿತು. ದೇವರಿಗೆ ದೀಪವಿಲ್ಲ, ಗುಡಿಯಲ್ಲಿ ಮಾದರ ಮಕ್ಕಳು ಆಡುತ್ತಿವೆ, ಎಲ್ಲ ಒಂದು ಎತ್ತಿನ ಸಲುವಾಗಿ. ಗೌಡ್ರ, ನಿಮ್ಮ ಎತ್ತು, ನೀವ ಹೂಳ್ರಿ ಎಂದು ಅವನ ಬೀಗರೇ ಅಂದರು. ಗೌಡ ಆಳುಗಳನ್ನು ಕರೆದ. ಒಬ್ಬನೂ ಬರಲಿಲ್ಲ, ಹುಲ್ಲಪ್ಪನ ಸಾವು ಅವರಿಗೂ ನೆನಪಿತ್ತು. ದಸ್ತಗೀರಸಾಬ ಟ್ರ್ಯಾಕ್ಟರಿನ ಚಾವಿಯನ್ನು ಗೌಡನ ಕಟ್ಟೆಯ ಮೇಲೆ ಇಟ್ಟು ಮನೆಗೆ ಹೋಗಿದ್ದ. ಗೌಡನ ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಓಡಿಸಲು ಬರುತ್ತಿರಲಿಲ್ಲ. ಕಡೆಗೆ ಗೌಡನ ಇಬ್ಬರು ಗಂಡುಮಕ್ಕಳು ಮೂಗಿಗೆ ಟವೆಲ್ ಸುತ್ತಿಕೊಂಡು ಹೋದರು. ಸಾಹೇಬ ತಂದ ಹೊಸ ಹಗ್ಗ ಅವರ ಹೆಗಲಿಗೇ ಬಂತು. ನೋಡಲು ಕೇರಿಯ ಗಂಡಸರು ಓಡಿದರು. ಲಗಮವ್ವ ಹೋಗಲಿಲ್ಲ. ಹೆಗಲ ಮೇಲಿನ ಹಗ್ಗ ಹೇಗಿರುತ್ತದೆ ಎಂದು ಆಕೆಗೆ ಹೊಸದಾಗಿ ನೋಡಬೇಕಾಗಿರಲಿಲ್ಲ.

ಸಾಹೇಬ ಪೌಳಿಗೆ ಬಂದ. ಬೆವೆತು ಹೋಗಿದ್ದ. "ಅವರು ಹೂಳುತ್ತಿದ್ದಾರಮ್ಮ. ನೀವೊಂದು ಮಾತು ಹೇಳಿ, ಬಂಡೆಯ ಮೇಲೆ ಬಿಡಲಿ. ಹದ್ದು ಸಾಯುತ್ತವೆ."

ಅವನ ದನಿಯಲ್ಲಿ ದುಃಖ ಇತ್ತು. ಸುಳ್ಳು ದುಃಖವಲ್ಲ. ಅದಕ್ಕೇ ಲಗಮವ್ವನ ಮೈ ಉರಿಯಿತು.

"ಹದ್ದಿನ ಮ್ಯಾಲ ನಮಗ ಸಿಟ್ಟಿಲ್ರಿ. ಅವು ಒಂದ ಸಲನೂ ನಮಗ ಹೊರಗ ಕುಂಡ್ರು ಅಂದಿಲ್ಲ. ಅವು ಸಾಯಬಾರದು ಅಂತ ಹೊಟ್ಟಿ ಉರಕೊಳ್ಳಾಕ ನೀವು ಅದೀರಿ. ನನ್ನ ಗಂಡ ಕ್ರಾಸಿನ್ಯಾಗ ಸತ್ತಾಗ ನಿಮ್ಮಂಥಾವ್ರು ಒಬ್ರೂ ಇರಲಿಲ್ಲ. ಹದ್ದಿಗೆ ಉಣಸಬೇಕಂದ್ರ ಉಣಸ್ರಿ. ನಿಮ್ಮ ಕೈಗೆ ಕೈಚೀಲ ಅದಾವ, ಹೆಗಲೂ ಐತಿ. ಹೋಗ್ರಿ, ಹಗ್ಗ ಹಿಡೀರಿ."

ಸಾಹೇಬ ಗವಸು ಕಳಚುತ್ತ ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ಜೀಪಿನ ಸದ್ದು ಕೇಳಿಸಿತು. ಅದು ಗುಡ್ಡದ ಕಡೆ ಹೋಗಲಿಲ್ಲ, ರಸ್ತೆ ಹಿಡಿಯಿತು.

ಹೊತ್ತು ಇಳಿಯುವ ಮೊದಲು ಗೌಡ ಬಂದ. ಕೋಲು ಇರಲಿಲ್ಲ. ಪೌಳಿಯ ಮೆಟ್ಟಿಲ ಕೆಳಗೆ ನಿಂತ. ಒಳಗೆ ಲಗಮವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು. ಎಲ್ಲರ ಮನೆಯ ಹಿಟ್ಟು ಒಂದೇ ಕಡೆ ನಾದಿದ್ದರು.

"ಹೂತಾತು," ಎಂದ ಗೌಡ. "ಸುಣ್ಣನೂ ಹಾಕೇವಿ. ಇನ್ನ ಏಳ್ರಿ."

ಲಗಮವ್ವ ಹಿಟ್ಟಿನ ಉಂಡೆ ತೆಗೆದುಕೊಂಡಳು. ಹಣಮಂತದೇವರ ಹಾಸುಗಲ್ಲಿನ ಮೇಲೆ ಇಟ್ಟು ರೊಟ್ಟಿ ಬಡಿಯತೊಡಗಿದಳು. ಉಗುರಿಲ್ಲದ ಹೆಬ್ಬೆರಳು, ಕಲ್ಲು ಒಡೆದು ಬಿರುಸಾದ ಅಂಗೈ. ಸದ್ದು ಪೌಳಿಯ ಕಂಬಗಳಿಗೆ ಬಡಿದು ಓಣಿಯವರೆಗೆ ಹೋಯಿತು.

"ಹುಡುಗ್ರು ಹಸದಾವ್ರಿ ಗೌಡ್ರ," ಎಂದಳು, ತಲೆ ಎತ್ತದೆ. "ಉಂಡು ಆಮ್ಯಾಲ ನೋಡತೇವಿ. ನೀವು ಅಲ್ಲೇ ಹೊರಗ ನಿಂದರ್ರಿ."